ಒಂದೇ ಕ್ವೇಸಾರ್, ಎರಡು ಬಿಂಬ

“ನಡುವೆ ಒಂದು ಗೆಲಾಕ್ಸಿ ಉಂಟು ಅಂತೀರಲ್ಲ ಮೇಡಂ, ಅದನ್ನು ಯಾರಾದ್ರೂ ಕಂಡಿದ್ದಾರಾ?”

ಹಿಂದಿನ ಸಾಲಿನಿಂದ ಬಂದ ಪ್ರಶ್ನೆಗೆ ರೊಸಾಲಿನ್‌ಳ ಕೈಯ ಚಾಕ್‌ಪೀಸ್ ಬೋರ್ಡಿನ ಮೇಲೆಯೇ ನಿಂತಿತು.

೧೯೭೯ರ ಕೊನೆ. ತಾನು ಪಾಠ ಮಾಡುತ್ತಿದ್ದ ಮಂಗಳೂರಿನ ಕಾಲೇಜಿನ ವಿಜ್ಞಾನ ಸಂಘದಲ್ಲಿ ಅವಳ ಮೊದಲ ಉಪನ್ಯಾಸ. ಆ ವರ್ಷ ಖಗೋಳಜ್ಞರಿಗೆ ಅಕ್ಕಪಕ್ಕದಲ್ಲಿ ಒಂದೇ ಬಗೆಯ, ನಕ್ಷತ್ರದಂತೆ ಕಾಣುವ ಅತಿ ಪ್ರಖರವಾದ ಎರಡು ಕ್ವೇಸಾರ್‌ಗಳು ಕಂಡಿದ್ದವು. ಅವು ಎರಡಲ್ಲ, ಬಹುದೂರದ ಒಂದೇ ಕ್ವೇಸಾರ್; ನಡುವಿನ ಗೆಲಾಕ್ಸಿಯ ಗುರುತ್ವ ಬೆಳಕನ್ನು ಬಾಗಿಸಿ ಎರಡಾಗಿ ತೋರಿಸುತ್ತಿದೆ ಎಂದು ಅವಳು ವಿವರಿಸುತ್ತಿದ್ದಳು.

“ಕಂಡದ್ದು ನಾನು ಓದಿಲ್ಲ. ಆದರೆ ಅಲ್ಲಿ ಉಂಟು.”

“ಕಾಣದೆ ಹೇಗೆ ನಂಬುದು?”

ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಕೇಳಿದವನು ಬೊಂಬಾಯಿಯಿಂದ ಹೊಸದಾಗಿ ಬಂದಿದ್ದ ಅಧ್ಯಾಪಕ ನೊರ್ಬರ್ಟ್.

ಎಲ್ಲರೆದುರು ನನ್ನನ್ನು ಸಣ್ಣ ಮಾಡಿದ... ಅವಳ ಮುಖ ಬಿಸಿಯಾಯಿತು.

ವಾದ ಸ್ಟಾಫ್ ರೂಮಿಗೂ ಬಂತು. ಬರಬರುತ್ತಾ, ಅವನಿಲ್ಲದ ದಿನ ಅವಳಿಗೆ ಚಹಾ ರುಚಿಸದಾಯಿತು.

ಅಷ್ಟರಲ್ಲಿ ಸಹೋದ್ಯೋಗಿ ಒಲಿಂಡಾ ಸುದ್ದಿ ತಂದಳು. “ನೊರ್ಬರ್ಟ್ ಪ್ರಿನ್ಸಿಪಾಲರ ಹತ್ರ ಹೇಳಿದ್ದಾನಂತೆ, ರೊಸಾಲಿನ್ ಈ ಕಾಲೇಜಿನಲ್ಲಿ ಇರಬಾರದು ಅಂತ.”

ರೊಸಾಲಿನ್ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. ನಾನು ಅಷ್ಟು ಬೇಡವಾದೆನಾ ಅವನಿಗೆ?

ಅವನೊಡನೆ ಮಾತು ಬಿಟ್ಟಳು. ದುಬೈಯ ವರನನ್ನು ಒಪ್ಪು ಎಂದು ತಾಯಿ ಹೆಲನ್ ಬಹಳ ಸಮಯದಿಂದ ಹೇಳುತ್ತಿದ್ದರು. “ನೋಡುವ,” ಎಂದುಬಿಟ್ಟಳು.

ಕೆಲವು ತಿಂಗಳ ನಂತರ ಲೈಬ್ರರಿಯಲ್ಲಿ ನೊರ್ಬರ್ಟ್ ಅವಳೆದುರು ಒಂದು ವಿದೇಶಿ ವಿಜ್ಞಾನ ಪತ್ರಿಕೆ ಬಿಡಿಸಿಟ್ಟ.

“ಗೆಲಾಕ್ಸಿ ಸಿಕ್ಕಿದೆ. ನೀವು ಹೇಳಿದ್ದೇ ಸರಿ.”

“ಮತ್ತೆ ನನ್ನನ್ನು ಓಡಿಸ್ಲಿಕ್ಕೆ ಪ್ರಿನ್ಸಿಪಾಲರ ಹತ್ರ ಯಾಕೆ ಹೋದ್ರಿ?”

ಅವನು ಗಾಬರಿಯಾದ. “ಓಡಿಸ್ಲಿಕ್ಕಾ? ನೀವು ಇಲ್ಲಿ ಇರಬಾರದು ಅಂದದ್ದು ಹೌದು. ಅವರನ್ನು ಬೆಂಗಳೂರಿಗೆ ಸಂಶೋಧನೆಗೆ ಕಳಿಸಿ, ಅವರ ಪಾಠ ನಾನು ಮಾಡ್ತೇನೆ, ಅವರ ಕೆಲಸ ಹಾಗೇ ಇರಲಿ ಅಂದೆ.”

ಒಲಿಂಡಾಳ ಕಿವಿಗೆ ಬಿದ್ದದ್ದು ಅರ್ಧ ಮಾತು!

“ನನ್ನ ಹತ್ರ ಯಾಕೆ ಹೇಳ್ಲಿಲ್ಲ?”

“ಹೇಳ್ಲಿಕ್ಕೆ ಬಂದ್ರೆ... ಹೋಗುದು ಬೇಡ ಅಂತ ಬಾಯಿಗೆ ಬರ್ತಿತ್ತು.”

ಅವಳು ಪತ್ರಿಕೆಯ ಹಾಳೆ ಸವರುತ್ತಾ ಕೂತಳು.

“ಅಮ್ಮ ದುಬೈಯ ಹುಡುಗನನ್ನು ನೋಡಿದ್ದಾರೆ.”

“ಗೊತ್ತುಂಟು.”

“ಗೊತ್ತಿದ್ದೂ ಸುಮ್ಮನಿದ್ರಾ?”

“ನೀವು ಮಾತೇ ಬಿಟ್ಟಿದ್ರಿ.” ಅವನ ದನಿ ತಗ್ಗಿತು. “ನನಗೆ ನೀವು ಬೇಕು ರೊಸಾಲಿನ್. ಮದುವೆಯಾದ ಮೇಲೂ ನೀವು ಸಂಶೋಧನೆಗೆ ಹೋಗಬೇಕು. ರಜೆಯಲ್ಲಿ ನಾನೇ ಬೆಂಗಳೂರಿಗೆ ಬರ್ತೇನೆ. ಆದಿತ್ಯವಾರ ನಿಮ್ಮ ಮನೆಗೆ ಬರಲಾ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಮ್ಮ ಅಮ್ಮನನ್ನೂ ಕರ್ಕೊಂಡು ಬನ್ನಿ. ಒಬ್ಬರೇ ಬಂದ್ರೆ ನಮ್ಮಮ್ಮ ಒಳಗೆ ಬಿಡುದಿಲ್ಲ.”