ಕೂಡದ ಬೆಟ್ಟದ ಗೆರೆ

ಗೋಡೆಯ ಚಿತ್ರದಲ್ಲಿ ಬೆಟ್ಟದ ಗೆರೆ ಮತ್ತೆ ತಪ್ಪಿತ್ತು. ಚಿಕ್ಕಮ್ಮನ ಚೌಕದಿಂದ ಪಕ್ಕದ ಚೌಕಕ್ಕೆ ಬರುವಷ್ಟರಲ್ಲಿ ಒಂದು ಬೆರಳಷ್ಟು ಕೆಳಗಿಳಿದಿತ್ತು.

“ಏನು ಚಿಕ್ಕಮ್ಮ ಇದು! ಪಕ್ಕದವರದ್ದು ನೋಡ್ಕೊಂಡು ಬರೀಬಾರ್ದಾ?” ಚಿತ್ರಗಾರ್ತಿ ಸಿಡುಕಿದಳು.

“ನಿನ್ನೆ ಸರಿಯಾಗೇ ಕೂಡಿತ್ತು ಕಣೇ. ನನ್ನ ಕಣ್ಣಿಗೇನು ಪೊರೆ ಬಂದಿದ್ಯಾ?”

ಬಸ್ ನಿಲ್ದಾಣದ ಹಿಂದೆ, ಗುಡ್ಡದ ಮಣ್ಣು ಜಾರದಿರಲೆಂದು ಕಟ್ಟಿದ ಉದ್ದನೆಯ ಗೋಡೆ ಅದು. ಸುತ್ತಲಿನ ಬೆಟ್ಟ, ನದಿ, ಹುಲ್ಲುಗಾವಲೆಲ್ಲ ಅದರ ಮೇಲೆ ಬರಬೇಕು, ಊರಿನವರೇ ಬರೆಯಬೇಕು ಅಂತ ಹಟ ಹಿಡಿದವಳು ಚಿತ್ರಗಾರ್ತಿಯೇ. ಗೋಡೆಗೆ ಚೌಕ ಎಳೆದು ಮನೆಗೊಂದರಂತೆ ಹಂಚಿದ್ದಳು. ನಾಳೆ ಉದ್ಘಾಟನೆ. ಇಡೀ ಊರು ಇದರ ಕೆಳಗೇ ಬಂದು ಕೂರುತ್ತದೆ.

ಗೊಣಗುತ್ತಲೇ ಬ್ರಷ್ ಹಿಡಿದು ಗೆರೆ ಕೂಡಿಸಿದಳು. ಸಂದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಇಣುಕುತ್ತಿತ್ತು. ಅದರ ಮೇಲೂ ದಪ್ಪಗೆ ಹಸಿರು ಬಳಿದಳು. ಈ ವಾರವೆಲ್ಲ ಇದೇ ಗೋಳು.

ಹಿಂದೆ ಗಾರೆ ಮೇಸ್ತ್ರಿ ಬಂದು ನಿಂತಿದ್ದ. ಗೋಡೆಗೆ ಗಾರೆ ಮೆತ್ತಿ ನುಣ್ಣಗೆ ಮಾಡಿಕೊಟ್ಟವನು ಅವನೇ. ಅವನ ಕೆಲಸ ಮುಗಿದು ಎಷ್ಟೋ ದಿನವಾಗಿದ್ದರೂ ಸಂಜೆಯಾದರೆ ಹಾಜರು.

“ನಿಮಗೆ ಗೋಡೆ ಬಿಟ್ರೆ ಬೇರೇನೂ ಕಾಣಲ್ವಾ ಮೇಸ್ತ್ರಿಗಳೇ?”

ಅವನ ಕಿವಿ ಕೆಂಪಾಯಿತು. “ಕಾಣತ್ತೆ.”

“ಏನು?”

“ನಿಮ್ಮ ಮೂಗಿನ ಮೇಲೆ ಹಸಿರು ಬಣ್ಣ.”

ಅವಳು ತೋಳಿನಿಂದ ಒರೆಸಿಕೊಂಡಳು. ಬಣ್ಣ ಕೆನ್ನೆಗೂ ಹತ್ತಿತು. ಅವನು ಕರ್ಚೀಫ್ ತೆಗೆದು ಒಂದು ಹೆಜ್ಜೆ ಮುಂದೆ ಬಂದ, ಅಲ್ಲೇ ತಡೆದು ನಿಂತ, ಗೋಡೆಯ ಕಡೆ ತಿರುಗಿಬಿಟ್ಟ. ಅಯ್ಯೋ ದೇವರೇ, ಈ ಮನುಷ್ಯ ಈ ಜನ್ಮದಲ್ಲಿ ಬಾಯಿ ಬಿಡ್ತಾನಾ, ಅಂದುಕೊಂಡಳು. ಅವಳಿಗೆ ಅವನು ಬೇಕಾಗಿದ್ದ. ಹೇಳಲು ಅವಳಿಗೂ ಧೈರ್ಯವಿರಲಿಲ್ಲ.

ಆಗ ಮೇಲಿನಿಂದ ಒಂದು ಚಿಕ್ಕ ಕಲ್ಲು ಬಂದು ಬಣ್ಣದ ಡಬ್ಬಿಯೊಳಗೆ ಬಿತ್ತು. ಗಾಳಿಯೇ ಇರಲಿಲ್ಲ.

ಅವಳು ತಲೆಯೆತ್ತಿದಳು. ಈಗಷ್ಟೇ ಬಳಿದ ಹಸಿರು, ಇನ್ನೂ ಆರದ ಹಸಿರು, ನಡುವೆ ಸೀಳಿತ್ತು. ತಾನೇ ಕೈಯಾರೆ ಕೂಡಿಸಿದ ಗೆರೆ ಅರ್ಧ ಬೆರಳು ಇಳಿದಿತ್ತು. ಈ ಸಲ ಚಿಕ್ಕಮ್ಮನ ಮೇಲೆ ಹಾಕುವಂತಿರಲಿಲ್ಲ.

“ಮೇಸ್ತ್ರಿಗಳೇ,” ಅವಳು ಸೀಳಿನತ್ತ ಕೈ ತೋರಿಸಿದಳು, “ವಾರದಿಂದ ಇದು ತಪ್ತಾನೇ ಇದೆ. ನಾನು ಮುಚ್ತಾನೇ ಇದ್ದೀನಿ.”

ಅವನು ಅಂಗೈಯನ್ನು ಗೋಡೆಗೆ ಒತ್ತಿದ. ಒಳಗಿನಿಂದ ಮಣ್ಣು ಗೋಡೆಯನ್ನು ನೂಕುತ್ತಿತ್ತು. “ಎಲ್ಲರೂ ದೂರ ಹೋಗಿ! ಬ್ರಷ್ ಬಿಡಿ, ಡಬ್ಬಿ ಬಿಡಿ, ಓಡಿ!”

ಚಿಕ್ಕಮ್ಮ ಸೀರೆ ಎತ್ತಿಕೊಂಡು ಓಡಿದರು. ಬಸ್ಸಿಗೆ ಕಾಯುತ್ತಿದ್ದವರೂ ಓಡಿದರು. ಅವನು ಮಾತ್ರ ಗೋಡೆಯ ಬುಡದಲ್ಲೇ ನಿಂತು ಒಬ್ಬೊಬ್ಬರನ್ನೇ ಆಚೆ ತಳ್ಳುತ್ತಿದ್ದ.

“ನೀವೂ ಹೋಗಿ!” ಅವಳ ಮೇಲೆ ಕೂಗಿದ.

“ನೀವು ಬರದೆ ನಾನು ಹೋಗಲ್ಲ. ಕೋಪ ಬಂದ್ರೆ ಬರಲಿ. ನೀವಿಲ್ಲದೆ ನನಗೆ ಆಗಲ್ಲ!” ಬಣ್ಣದ ಕೈಯಿಂದ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಓಡಿದಳು.

ರಸ್ತೆ ದಾಟುವುದಕ್ಕೂ ಗೋಡೆಯ ಮೇಲಿನ ಬೆಟ್ಟದ ಸಾಲು ಮುಂದಕ್ಕೆ ಬಾಗುವುದಕ್ಕೂ ಸರಿಹೋಯಿತು. ನದಿ, ಹುಲ್ಲುಗಾವಲು, ಚಿಕ್ಕಮ್ಮನ ಚೌಕ, ಎಲ್ಲ ಒಟ್ಟಿಗೆ ಕುಸಿದವು. ಹಿಂದಿನ ಕೆಂಪು ಮಣ್ಣು ಜಾರಿ ಬಂದು ಅವುಗಳ ಮೇಲೆ ಮಲಗಿತು. ನಾಳೆಗೆಂದು ಸಾಲಾಗಿ ಇಟ್ಟಿದ್ದ ಕುರ್ಚಿಗಳಲ್ಲಿ ಒಂದೂ ಕಾಣಲಿಲ್ಲ.

ಅವಳು ಬಿಕ್ಕಿದಳು. “ನಾನೇ ಬಣ್ಣ ಬಳಿದು ಮುಚ್ಚಿಬಿಟ್ಟೆ.”

“ಬಣ್ಣದ ಕೆಳಗಿರೋ ಬಿರುಕೂ ನನ್ನ ಕಣ್ಣಿಗೆ ಬೀಳತ್ತೆ,” ಅವನು ಹೇಳಿದ. “ದಿನಾ ಬರ್ತಿದ್ದೆ. ಒಂದೇ ಒಂದು ದಿನ ಗೋಡೆ ನೋಡಿದ್ರೂ ಗೊತ್ತಾಗ್ತಿತ್ತು. ನಾನು ನೋಡ್ತಾ ಇದ್ದಿದ್ದು ನಿಮ್ಮನ್ನ.”

ಅವಳು ಅವನ ಕೈ ಬಿಡಲಿಲ್ಲ. ಎದುರಿಗೆ ಗುಡ್ಡದಿಂದ ಮಣ್ಣು ಇನ್ನೂ ಸುರಿಯುತ್ತಲೇ ಇತ್ತು. ಇಬ್ಬರೂ ಅದರ ಮೇಲೆ ಕಣ್ಣಿಟ್ಟುಕೊಂಡೇ ಒಂದೊಂದು ಹೆಜ್ಜೆ ಹಿಂದೆ ಸರಿದರು.