ಗರಗಸ ನುಂಗಿದ ಕೂಡುಕಲ್ಲು

ಯಂತ್ರದ ಸುತ್ತಿಗೆ ಬಿತ್ತು. ಅಂಗೈಯಗಲದ ಬೂದು ಬಿಲ್ಲೆಯ ಮೇಲೆ ಕೂದಲೆಳೆಯಷ್ಟು ಬಿರುಕು ಮೂಡಿತು. ನೀಲಾಂಬಿಕಾ ಅದರ ಮೇಲೆ ಎರಡು ಹನಿ ನೀರು ಬಿಟ್ಟಳು. ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿದ್ದ ಬಿರುಕು ಒಂದು ತುದಿಯಿಂದ ಮುಚ್ಚಿಕೊಳ್ಳುತ್ತ ಬಂದು ಮಾಯವಾಯಿತು.

ಅದರ ಹೆಸರು ಕೂಡುಕಲ್ಲು. ಸೋರುವ ನೀರಿನ ಟ್ಯಾಂಕುಗಳಿಗೆಂದು ವಿಶ್ವವಿದ್ಯಾಲಯದ ವಸ್ತುವಿಜ್ಞಾನ ವಿಭಾಗದಲ್ಲಿ ಕುಸುಗಲ್ ಮೇಡಂ ಅವರ ಗುಂಪು ತಯಾರಿಸಿದ್ದು. ಅದರೊಳಗಿನ ಸೂಕ್ಷ್ಮ ಹರಳುಗಳು ಒಣಗಿರುವಾಗ ಸುಮ್ಮನಿರುತ್ತವೆ. ನೀರು ತಾಕಿದೊಡನೆ ಉಬ್ಬಿ, ಬಿರುಕಿನ ಎರಡೂ ಬದಿಗಳನ್ನು ಕಚ್ಚಿಕೊಂಡು ಕಲ್ಲಾಗುತ್ತವೆ. ನೀಲಾಂಬಿಕಾಳ ಐದು ವರ್ಷ ಇದರಲ್ಲೇ ಕಳೆದಿತ್ತು. ಇಂದು ಪರೀಕ್ಷಕರ ಸಹಿ ಬೀಳದಿದ್ದರೆ ಡಾಕ್ಟರೇಟೂ ಇಲ್ಲ, ಹಾಸ್ಟೆಲ್ ಕೋಣೆಯೂ ಇಲ್ಲ.

ಮೈಸೂರಿನಿಂದ ಬಂದಿದ್ದ ಪರೀಕ್ಷಕ ಸೀತಾಪತಿಯವರು ಕನ್ನಡಕ ಒರೆಸಿಕೊಂಡರು.

"ಅಲ್ಲಮ್ಮ, ಇದು ಬರೀ ಮೇಲಿನ ಗೀರು. ಗೀರು ಮುಚ್ಚೋಕೆ ನಮ್ಮನೆ ಸುಣ್ಣ ಸಾಕು. ದಪ್ಪಗಿರೋದೊಂದು ಕೊಡಿ, ನಾನೇ ಕೊಯ್ದು ನೋಡ್ತೀನಿ."

"ಇದನ್ನ ಯಾವತ್ತೂ ಕೊಯ್ದಿಲ್ರಿ ಸರ್. ಬೇಕಾದ ಅಳತೀಗೆ ಅಚ್ಚಿನಾಗ ಎರೀತೀವಿ."

"ಹಾಗಾದ್ರೆ ಇವತ್ತು ಕೊಯ್ಯೋಣ."

ಮೇಡಂ ಆಗಲೆಂದು ತಲೆಯಾಡಿಸಿದರು. ವಿಭಾಗಕ್ಕೆಲ್ಲ ಇದ್ದದ್ದು ಒಂದೇ ಗರಗಸ, ವಜ್ರದ ಪುಡಿ ಕೂರಿಸಿದ ಅಲಗಿನದು. ಅದನ್ನು ನೋಡಿಕೊಳ್ಳುತ್ತಿದ್ದವನು ಮೈಲಾರಿ. ಪಿಎಚ್‌ಡಿಗೆ ಸೇರಿ ವರ್ಷವಾದರೂ ವಿಷಯ ಸಿಗದೆ ಎಲ್ಲರ ತುಂಡು ಕೊಯ್ದುಕೊಡುತ್ತಿದ್ದ. ಅಲಗು ಬಿಸಿಯಾಗಬಾರದೆಂದು, 'ನೀರು ಬಿಡದೆ ಗರಗಸ ಚಾಲೂ ಮಾಡಬಾರದು' ಎಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ಅವನೇ ಬರೆದಿದ್ದ. ಅವನ ಕೈ ರೂಢಿಯಂತೆ ನಲ್ಲಿ ತಿರುಗಿಸಿತು. ಅಷ್ಟು ಜನ ವಿಜ್ಞಾನಿಗಳು ನಿಂತಿದ್ದರೂ ನೀರಿನ ಬಗ್ಗೆ ಒಬ್ಬರಿಗೂ ಯೋಚನೆ ಬರಲಿಲ್ಲ.

ಸೀತಾಪತಿಯವರು ಕೂಡುಕಲ್ಲಿನ ದಪ್ಪ ತುಂಡೊಂದರ ಮೇಲೆ ಗರಗಸ ಇಳಿಸಿದರು. ಅಲಗು ಅರ್ಧ ದಾರಿ ಸಲೀಸಾಗಿ ಹೋಯಿತು. ಆಮೇಲೆ ನರಳಿತು. ಮೋಟಾರಿನಿಂದ ಸುಟ್ಟ ವಾಸನೆ ಬಂತು; ಎಲ್ಲ ನಿಂತಿತು.

ನೀಲಾಂಬಿಕಾ ಬಗ್ಗಿ ನೋಡಿದಳು. ಕೊಯ್ದ ಸೀಳೇ ಇರಲಿಲ್ಲ. ಅಲಗು, ಕಡುಬಿನೊಳಗಿನ ಹೂರಣದಂತೆ, ಕಲ್ಲಿನೊಳಗೆ ಕೂತಿತ್ತು.

ಪರೀಕ್ಷಕರು ಮೇಜಿಗೆ ಕಾಲು ಕೊಟ್ಟು ಕಲ್ಲನ್ನು ಎಳೆದರು. ಮೇಜೇ ಸರಿಯಿತು. ಬೆವರೊರೆಸಿಕೊಂಡು, ಜೇಬಿನಿಂದ ಪೆನ್ನು ತೆಗೆದರು.

"ಎಲ್ಲಮ್ಮ ಸಹಿ ಹಾಕ್ಬೇಕು? ಡಾಕ್ಟರ್ ನೀಲಾಂಬಿಕಾ, ಕೇಳಿದ್ದು ನಿಮ್ಮನ್ನೇ."

ನೋಡಲು ನೆರೆದಿದ್ದ ವಿಭಾಗದ ಹುಡುಗರು ಮೇಜು ಬಡಿದು ಕುಣಿದರು. ಮೇಡಂ ಅವಳ ಬೆನ್ನಿಗೆ ಗುದ್ದಿದರು, ನೋಯುವಷ್ಟು. ಮೈಲಾರಿ ಮಾತ್ರ ಗರಗಸದ ಮುಂದೆ ಹೆಣದ ಮುಂದೆ ಕೂತಂತೆ ಕೂತಿದ್ದ.

"ನಿಂದೇನೋ ಮುಗೀತಕ್ಕಾ. ನಾಳೆ ಇವ್ರೆಲ್ಲಾರ ತುಂಡು ನಾ ಹಲ್ಲಿಲೆ ಕೊಯ್ಯಲೇನು?"

"ಕೂಡಸೂದು ಕಲಿತ್ವಿ, ಬಿಡಸೂದು ಯಾರಿಗೂ ಗೊತ್ತಿಲ್ಲ," ಎಂದಳು ನೀಲಾಂಬಿಕಾ. "ವರ್ಷದಿಂದ ವಿಷಯ ಇಲ್ಲ, ವಿಷಯ ಇಲ್ಲ ಅಂತ ಅಳತಿದ್ದೆಲ್ಲಾ. ತಗೋ."

ಅವನು ತಲೆಯೆತ್ತಿದ. ಅವಳು ನಗುತ್ತಿರಲಿಲ್ಲ. ಮೇಡಂ ಆಗಲೇ ಸಂಶೋಧನಾ ವಿಷಯಗಳ ಬೋರ್ಡಿನ ಮೇಲೆ ಅವನ ಹೆಸರು ಬರೆಯುತ್ತಿದ್ದರು.

ಮೈಲಾರಿ ಎದ್ದು, ಮೊದಲು ನಲ್ಲಿ ನಿಲ್ಲಿಸಿದ.