ಮೂರನೇ ಅಂಕ ನೋಡದ ವಿಮರ್ಶಕ

ನಾಲ್ಕು ತಾಲೂಕಿಗೆ ಹೋಗುವ ಹಾನಗಲ್ಲಿನ ವಾರಪತ್ರಿಕೆಯ ಕಚೇರಿಗೆ ಗುಲ್ನಾರ ನುಗ್ಗಿದಾಗ, ಅವಳ ನಾಟಕವನ್ನು ವಿಮರ್ಶೆಯಲ್ಲಿ ಹರಿದುಹಾಕಿದ್ದ ಆಸೀಮ ಬನ್ನು ಹರಿದು ಚಹಾದಲ್ಲಿ ಅದ್ದುತ್ತಿದ್ದ.

"ಇದನ್ನ ಬರದವರು ನೀವ ಏನ್ರಿ?" ಪತ್ರಿಕೆಯನ್ನು ಅವನ ಮುಂದೆ ಹರವಿದಳು.

ವೇದಿಕೆಯ ಮೇಲೆ ನೋಡಿದ್ದವಳು ಮೊಳ ದೂರದಲ್ಲಿ ಕಂಡದ್ದೇ ತಡ, ಅವನ ಕೈ ಸಡಿಲಿತು. ಬನ್ನು ಮುಳುಗಿತು. ಮನುಷ್ಯನೂ ಅರ್ಧ ಮುಳುಗಿದಂತೆ ಅವಳಿಗೆ ಕಂಡ.

"ನಾನ ರಿ. ಕುಂದರ್ರಿ."

"ಕುಂದ್ರಾಕ ಬಂದಿಲ್ಲ. ನೀವು ಕುಂತಿದ್ರ ನಾ ಬರೂ ಪಾಳಿನ ಬರ್ತಿರಲಿಲ್ಲ. ಎರಡನೇ ಅಂಕ ಮುಗದ ಕೂಡ್ಲೆ ಎದ್ದು ಹೋದ್ರಿ, ಹೌದಲ್ಲ?"

"ಸವಣೂರಿಂದ ಕಡೇ ಬಸ್ ಅದ ಇತ್ರಿ."

ಮೂರನೇ ಅಂಕ ನೋಡದೆ ಇಡೀ ನಾಟಕಕ್ಕೆ ಹತ್ತಕ್ಕೆ ಎರಡು ಅಂಕ ಕೊಟ್ಟಿದ್ದ ಮಹಾನುಭಾವ!

ನಾಟಕದಲ್ಲಿ ತಾಯಿಯೊಬ್ಬಳು, ಮೀರಜಕ್ಕೆ ಮದುವೆಯಾಗಿ ಹೋದ ಹಿರಿಮಗಳಿಗೆಂದು ಪ್ರತಿ ರಂಜಾನಿಗೂ ಕಿರಿಮಗಳಿಂದ ಕಮೀಜು ಹೊಲಿಸುತ್ತಾಳೆ. ಆಸೀಮ ಬರೆದಿದ್ದ: "ಅದೇ ಮಗಳ ಕಮೀಜು ಒಮ್ಮೆ ಮೂವತ್ತೆರಡು ಇಂಚು, ಒಮ್ಮೆ ಮೂವತ್ನಾಲ್ಕು, ಕೊನೆಗೆ ಮೂವತ್ತಾರು. ನಾಟಕ ಬರೆದವರು ಟೇಲರ್ ಅಂತೆ. ಟೇಪು ಹಿಡಿಯಲು ಬಾರದವರು ಪೆನ್ನು ಹಿಡಿದರೆ ಹೀಗೇ."

"ಟೇಪು ತಪ್ಪಿಲ್ರಿ. ನಮ್ಮಕ್ಕ ಫರ್ಜಾನಾ ಮದುವ್ಯಾದ ವರ್ಷನ ತೀರಿಕೊಂಡ್ಲು. ನಾ ಆಗಿನ್ನೂ ಹೊಲಿಗಿ ಕಲಿಯಾಕತ್ತಿದ್ದೆ. ನಾ ಅಕಿನ್ನ ಬಿಟ್ಟು ಉಣ್ತಿರಲಿಲ್ಲಂತ ಅವ್ವ ಆ ಸುದ್ದಿ ನನಗ ಹೇಳಲಿಲ್ಲ. ಆರು ವರ್ಷ ಅಕಿಗಂತ ನನ್ನ ಕಡಿಂದ ಹೊಲಿಸಿದ್ಲು. 'ಎರಡು ಮಕ್ಕಳಾದುವು, ಮೈ ತುಂಬೇತಿ, ಒಂಚೂರು ಸಡ್ಲ ಬಿಡವಾ' ಅನ್ನಾಕಿ. ಮಣ್ಣಾಗ ಇದ್ದಾಕಿನ್ನ ನಮ್ಮವ್ವ ಅಳತಿಯೊಳಗ ಬೆಳಿಸಿದ್ಲು. ಅದ ಮೂರನೇ ಅಂಕ."

ಆಸೀಮ ತಾನು ಬರೆದ ಸಾಲಿನ ಮೇಲೆ ಚಹಾದ ಕಪ್ಪು ಇಟ್ಟು ಮುಚ್ಚಿದ.

"ತಪ್ಪಾತ್ರಿ," ಎಂದ. "ಮುಂದಿನ ವಾರ ಛಲೋ ಬರಿತೇನಿ."

"ನಿಮ್ಮ ಛಲೋ ಯಾರಿಗೆ ಬೇಕಾಗೇತಿ? ನೀವು ಬೈದದ್ದನ್ನ ನೆವ ಮಾಡಿಕೊಂಡು ಹಂಸಭಾವಿ ಭವನದ ಯಜಮಾನ ಕುಬೇರಪ್ಪ, ಮನಿ ಗುಟ್ಟಿನ ಮೂರನೇ ಅಂಕ ತಗೀರಿ, ಇಲ್ಲಂದ್ರ ಭವನ ಇಲ್ಲ ಅನ್ನಾಕತ್ತಾರ. ಐತವಾರ ಮೂರಕ್ಕ ಅಲ್ಲೇ ನಾಟಕ. ಬಂದು ಕಡೀತನ ನೋಡ್ರಿ. ಆಮ್ಯಾಲ ಬೇಕಾದ್ರ ಇನ್ನೂ ಬೈರಿ."

"ಭವನ ಕೊಡದಿದ್ರ?"

"ಬಯಲು ಅವರಪ್ಪಂದಲ್ಲ."

ಐತವಾರ ಕುಬೇರಪ್ಪ ಭವನದ ಬೀಗ ತೆಗೆಯಲಿಲ್ಲ. "ಮನಿ ಗುಟ್ಟು ಊರ ಮುಂದ ಬಿಚ್ಚಬಾರದವಾ," ಎಂದ.

"ತಪ್ಪು ಹೊಲಿಗಿ ಬಿಚ್ಚಿದ್ರನ ಸರಿ ಮಾಡಾಕ ಬರ್ತೈತ್ರಿ," ಎಂದು ಗುಲ್ನಾರ ಬಯಲಲ್ಲೇ ಪರದೆ ಕಟ್ಟಿಸಿದಳು.

ಹಗ್ಗ ಹಿಡಿಯಲು ಆಸೀಮ ಮಧ್ಯಾಹ್ನಕ್ಕೂ ಮುಂಚೆಯೇ ಹಾಜರಿದ್ದ. ಗಂಟು ಬಿಗಿಯುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಗಂಟನ್ನೇ ನೋಡುತ್ತ ನಿಂತರು. ಅಷ್ಟು ಹೊತ್ತು ನೋಡುವಂಥ ಗಂಟೇನಲ್ಲ ಅದು.

ಬೈಯಲು ಬಂದವರೂ ನಿಂತು ನೋಡಿದರು. ಅದುವರೆಗೆ ನಾಟಕದ ಕಡೆ ತಲೆಹಾಕದಿದ್ದ ಅವ್ವ ಜನ್ನತಬಿ ಅಂದು ಮುಂದೆಯೇ ಕುಳಿತಿದ್ದಳು. ಮೂರನೇ ಅಂಕ ಮುಗಿದಾಗ ಗುಲ್ನಾರಳ ಕಿವಿಗೆ ಚಪ್ಪಾಳೆ ಬೀಳಲಿಲ್ಲ. ಕಣ್ಣು ಅವ್ವನ ಮೇಲಿತ್ತು. ಜನ್ನತಬಿ ಎದ್ದು ಬಂದು, ನಾಟಕದ ಕಮೀಜಿನ ತೋಳನ್ನು ಬೆರಳಲ್ಲಿ ಹಿಡಿದು ನೋಡಿದಳು.

"ತೋಳು ಇನ್ನೊಂದೀಟು ಸಡ್ಲ ಬಿಡಂತ ಹೇಳಿದ್ನಲ್ಲ," ಎಂದಳು. ನಾಲ್ಕು ತಾಲೂಕಿನ ವಿಮರ್ಶೆ ಅಲ್ಲಿಗೆ ಮುಗಿಯಿತು.

ಪರದೆ ಇಳಿಸುವಾಗ ಆಸೀಮ ಕೆಂಪು ಕಣ್ಣಲ್ಲಿ ಪಕ್ಕಕ್ಕೆ ಬಂದ.

"ಈಗ ಏನ್ ಬರಿತೀರಿ?" ಗುಲ್ನಾರ ಕೇಳಿದಳು.

"ಬರಿಯಾಂಗಿಲ್ರಿ. ನಾವು ಮನಸ್ಸು ಕೊಟ್ಟವರ ನಾಟಕಕ್ಕ ವಿಮರ್ಶೆ ಬರಿಬಾರದಂತ ನಮ್ಮ ಸಂಪಾದಕರ ಕಾಯ್ದೆ ಐತಿ."

ಹಂಸಭಾವಿಯೆಲ್ಲ ಅವರನ್ನೇ ನೋಡುತ್ತಿತ್ತು. ಕುಬೇರಪ್ಪ ಕನ್ನಡಕ ಒರೆಸಿಕೊಂಡು ನೋಡುತ್ತಿದ್ದ. ನೋಡಲಿ ಎಂದು ಗುಲ್ನಾರ ಆಸೀಮನ ಕೈ ಹಿಡಿದಳು.

"ಹಂಗಾರ ಮುಂದಿನ ಶಿಗ್ಗಾಂವಿ ನಾಟಕಕ್ಕ ಬರಿಯಾಕ ಬ್ಯಾರೆದವರನ್ನ ಕಳಸಾಕ ಅವರಿಗೆ ಹೇಳ್ರಿ."